ಪಟ್ಟಿಯ ಕೊನೆಯ ಹೆಸರು



ಬರುವ ಅಕ್ಟೋಬರ್ 21 ಪೊಲೀಸ್ ಹುತಾತ್ಮರ ದಿನ. 1959ರಲ್ಲಿ ಅದೇ ದಿನ ಲಡಾಖ್‌ನ ಹಾಟ್ ಸ್ಪ್ರಿಂಗ್ಸ್ ಎಂಬಲ್ಲಿ ಚೀನೀ ಪಡೆಯ ಗುಂಡಿಗೆ ನಮ್ಮ 10 ಮಂದಿ ಪೊಲೀಸರು ಬಲಿಯಾದರು. ಅವರ ನೆನಪಿಗೆ ಶುರುವಾದ ಈ ಆಚರಣೆಯಲ್ಲಿ, ಹಿಂದಿನ ಸೆಪ್ಟೆಂಬರ್‌ನಿಂದ ಈ ಆಗಸ್ಟ್‌ವರೆಗೆ ದೇಶದಲ್ಲಿ ಕರ್ತವ್ಯದ ಮೇಲಿದ್ದು ಮಡಿದ ಪೊಲೀಸರ ಹೆಸರುಗಳನ್ನು ಪರೇಡ್ ಮೈದಾನದಲ್ಲಿ ಓದುತ್ತಾರೆ. ನೀವು ಯಾವತ್ತಾದರೂ ಹೋಗಿ ಕೇಳಿದ್ದೀರೋ ಇಲ್ಲವೋ. ಪಟ್ಟಿ ಬಹಳ ಉದ್ದ.

ಇಂಥದೇ ಒಂದು ಪಟ್ಟಿ ನಮ್ಮ ಬೈಬಲ್‌ನಲ್ಲೂ ಇದೆ. ಸಮುವೇಲನ ಎರಡನೆಯ ಗ್ರಂಥದ 23ನೆಯ ಅಧ್ಯಾಯ. ದಾವೀದನ ಶೂರರ ಹೆಸರುಗಳು ಅಲ್ಲಿವೆ. ಯಾರ ಮಗ, ಯಾವ ಊರಿನವನು ಎಂದು ಒಂದರ ಹಿಂದೊಂದು ಬರುತ್ತವೆ. ಓದುವವರು ಸಾಮಾನ್ಯವಾಗಿ ಪುಟ ತಿರುವಿಬಿಡುವ ಜಾಗ ಅದು. ಆದರೆ ಆ ಪಟ್ಟಿಯ ನಡುವೆ ಒಂದು ಕಥೆಯಿದೆ, ಕೊನೆಯಲ್ಲಿ ಒಂದು ಹೆಸರಿದೆ. ಇವತ್ತು ನಾನು ಮಾತಾಡಬೇಕೆಂದಿರುವುದು ಅವೆರಡರ ಬಗ್ಗೆ, ಮತ್ತು ನಮ್ಮ ಕಡೆಯ ಕಾಡಿನಲ್ಲಿ ಪ್ರಾಣ ಬಿಟ್ಟ ಒಬ್ಬ ಯುವ ಸಬ್ ಇನ್‌ಸ್ಪೆಕ್ಟರ್ ಬಗ್ಗೆ.

ಅವರ ಹೆಸರು ಶಕೀಲ್ ಅಹ್ಮದ್. ಅವರನ್ನು ಕೊಂದ ಕಾಡುಗಳ್ಳ ವೀರಪ್ಪನ್ ಹೆಸರು ಗೊತ್ತಿಲ್ಲದವರು ಈ ಚರ್ಚಿನಲ್ಲಿ ಯಾರೂ ಇರಲಾರರು. ಅವನ ಮೀಸೆ ಮಕ್ಕಳಿಗೂ ಗೊತ್ತು. ಅವನ ಮೇಲೆ ಸಿನಿಮಾ ಬಂದಿದೆ, ಸಾಕ್ಷ್ಯಚಿತ್ರ ಬಂದಿದೆ. ಡಾ. ರಾಜ್‌ಕುಮಾರ್ ಅವರನ್ನು 2000ದಲ್ಲಿ ಹೊತ್ತೊಯ್ದು 108 ದಿನ ಇಟ್ಟುಕೊಂಡದ್ದನ್ನು ಹಿರಿಯರು ಇಂದಿಗೂ ನಿನ್ನೆಯ ಮಾತಿನಂತೆ ಹೇಳುತ್ತಾರೆ. ಶಕೀಲ್ ಅಹ್ಮದ್ ಎಂದರೆ ಮಾತ್ರ ಒಂದು ಗಳಿಗೆ ಯೋಚಿಸಬೇಕಾಗುತ್ತದೆ.

1992ರ ಫೆಬ್ರುವರಿಯಲ್ಲಿ ವೀರಪ್ಪನ್‌ನ ಬಲಗೈಯಂತಿದ್ದ ಗುರುನಾಥನ್ ಪೊಲೀಸರ ಕಾರ್ಯಾಚರಣೆಯಲ್ಲಿ ಸತ್ತ. ಅದರ ಮುಂಚೂಣಿಯಲ್ಲಿದ್ದವರು ಶಕೀಲ್. ಅಂದಿನಿಂದ ಅವರ ಮೇಲೆ ವೀರಪ್ಪನ್‌ನ ಕಣ್ಣು ಬಿತ್ತು. ಮೇ ತಿಂಗಳಲ್ಲಿ ವೀರಪ್ಪನ್ ತಂಡ ರಾಮಾಪುರ ಪೊಲೀಸ್ ಠಾಣೆಗೇ ನುಗ್ಗಿ ಪೊಲೀಸರನ್ನು ಕೊಂದು ಬಂದೂಕುಗಳನ್ನು ದೋಚಿತು. ಆಗಸ್ಟ್ 14ರಂದು, ನಾಡೆಲ್ಲ ಮಾರನೆಯ ದಿನದ ಧ್ವಜಾರೋಹಣಕ್ಕೆ ಸಿದ್ಧವಾಗುತ್ತಿದ್ದಾಗ, ಬಾತ್ಮೀದಾರನೊಬ್ಬ ತಂದ ಸುಳಿವು ನಂಬಿ ಮೈಸೂರು ಜಿಲ್ಲಾ ಎಸ್‌ಪಿ ಟಿ. ಹರಿಕೃಷ್ಣ ಮತ್ತು ಶಕೀಲ್ ತಮ್ಮ ಸಿಬ್ಬಂದಿಯೊಡನೆ ಮೀಣ್ಯಂ ಕಡೆಯ ಕಾಡುದಾರಿ ಹಿಡಿದರು. ಸುಳಿವಿನ ಹಿಂದೆ ಬಲೆಯಿತ್ತು. ಹೊಂಚುದಾಳಿಯಲ್ಲಿ ಇಬ್ಬರೂ, ಜೊತೆಗೆ ನಾಲ್ವರು ಪೊಲೀಸರೂ ಸತ್ತರು. ಆಗ ಅದು ಕೊಳ್ಳೇಗಾಲ ತಾಲ್ಲೂಕು, ಮೈಸೂರು ಜಿಲ್ಲೆ. ಚಾಮರಾಜನಗರ ಜಿಲ್ಲೆಯಾದದ್ದು 1997ರಲ್ಲಿ.

ಈಗ ಪಟ್ಟಿಯ ನಡುವಿನ ಕಥೆಗೆ ಬರೋಣ. ಸುಗ್ಗಿಯ ಕಾಲ. ದಾವೀದ ಅದುಲ್ಲಾಮ್ ಗವಿಯಲ್ಲಿದ್ದಾನೆ. ಅವನು ಹುಟ್ಟಿದ ಬೆತ್ಲೆಹೇಮಿನಲ್ಲಿ ಫಿಲಿಷ್ಟಿಯರ ದಂಡು ಠಾಣೆ ಹೂಡಿದೆ. ನಮ್ಮೂರ ಬಾಗಿಲ ಬಳಿಯ ಬಾವಿಯ ನೀರು ಯಾರಾದರೂ ತಂದುಕೊಟ್ಟಿದ್ದರೆ ಎಂದು ಅವನು ಹಂಬಲಿಸುತ್ತಾನೆ. ಅಪ್ಪಣೆಯೇನೂ ಅಲ್ಲ, ಬಾಯಿಂದ ಜಾರಿದ ಮಾತು. ಹತ್ತಿರವಿದ್ದ ಮೂವರು ಕೇಳಿಸಿಕೊಳ್ಳುತ್ತಾರೆ. ಶತ್ರುವಿನ ಪಾಳೆಯ ಸೀಳಿಕೊಂಡು ಹೋಗಿ ನೀರು ಸೇದಿ ತರುತ್ತಾರೆ. ದಾವೀದ ಅದನ್ನು ಕುಡಿಯುವುದಿಲ್ಲ. ಜೀವದ ಆಸೆ ಬಿಟ್ಟು ಹೋದವರ ರಕ್ತವನ್ನು ಕುಡಿಯಲೇ ಎಂದು ಆ ನೀರನ್ನು ದೇವರ ಮುಂದೆ ನೆಲಕ್ಕೆರೆಯುತ್ತಾನೆ.

ನಾನಾಗಿದ್ದರೆ ಕುಡಿದುಬಿಡುತ್ತಿದ್ದೆನೇನೋ. ಕಷ್ಟಪಟ್ಟು ತಂದಿದ್ದಾರೆ, ಚೆಲ್ಲುವುದು ಅವರಿಗೇ ಅವಮಾನ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ದಾವೀದನಿಗೆ ಹಾಗನ್ನಿಸಲಿಲ್ಲ. ತನ್ನ ಒಂದು ಗುಟುಕಿನ ಬೆಲೆ ಎಷ್ಟೆಂದು ಅವನಿಗೆ ಆ ಕ್ಷಣದಲ್ಲಿ ಗೊತ್ತಾಯಿತು.

ನಾವು ಅಂಥ ನೀರನ್ನು ದಿನಾ ಕುಡಿಯುತ್ತಿದ್ದೇವೆ. ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ ದಾಟಿ ಮಾದಪ್ಪನ ಬೆಟ್ಟಕ್ಕೆ ಇವತ್ತು ಬಸ್ಸುಗಳು ತುಂಬಿ ಹೋಗುತ್ತವೆ. ಹೆಂಗಸರು ಮಕ್ಕಳು ಪಾದಯಾತ್ರೆ ಮಾಡುತ್ತಾರೆ. ಮಾರ್ಟಳ್ಳಿಯ ನಮ್ಮ ಧರ್ಮಕೇಂದ್ರದ ಹಬ್ಬಕ್ಕೆ ನಾವೂ ಹೋಗಿಬರುತ್ತೇವೆ. ಆ ರಸ್ತೆಯಲ್ಲಿ ಹೋಗುವಾಗ ಯಾರಿಗೂ ಎದೆ ಢವಗುಟ್ಟುವುದಿಲ್ಲ. ಅದು ಪುಕ್ಕಟೆ ಸಿಕ್ಕ ಧೈರ್ಯವಲ್ಲ.

ಇಲ್ಲಿಗೇ ನಿಲ್ಲಿಸಿದ್ದರೆ ಇದು ಸಭೆ-ಸಮಾರಂಭದ ಭಾಷಣವಾಗುತ್ತಿತ್ತು. ಪಟ್ಟಿಯ ಕೊನೆಯ ಹೆಸರು ನಿಲ್ಲಿಸಲು ಬಿಡುವುದಿಲ್ಲ. ಆ ಹೆಸರು ಹಿತ್ತಿಯನಾದ ಊರೀಯನದು. ಒಟ್ಟು 37 ಜನ ಎಂದು ಲೆಕ್ಕ ಹೇಳಿ ಅಧ್ಯಾಯ ಮುಗಿಯುತ್ತದೆ.

ಊರೀಯ ಯಾರು? ಬತ್ಷೆಬೆಯ ಗಂಡ. ಹಿತ್ತಿಯ ಎಂದರೆ ಬೇರೆ ಜನಾಂಗದವನು. ಆದರೂ ದಾವೀದನ ಸೈನ್ಯದಲ್ಲಿದ್ದ. ದಾವೀದ ಅವನ ಹೆಂಡತಿಯನ್ನು ಕೆಡಿಸಿ, ಅದನ್ನು ಮುಚ್ಚಲು ಅವನನ್ನು ರಣರಂಗದಿಂದ ಕರೆಸಿ, ಮನೆಗೆ ಹೋಗಿ ಮಲಗು ಎಂದ. ಅವನು ಹೋಗಲಿಲ್ಲ. ಜೊತೆಯವರು ಬಯಲಲ್ಲಿ ಬೀಡುಬಿಟ್ಟಿರುವಾಗ ತಾನು ಮನೆಯ ಸುಖ ಕಾಣಲೇ ಎಂದು ಅರಮನೆಯ ಬಾಗಿಲಲ್ಲಿ ಆಳುಗಳ ಜೊತೆ ಮಲಗಿದ. ಮಾರನೆಯ ದಿನವೂ ಅಷ್ಟೇ. ಕೊನೆಗೆ ದಾವೀದ ಸೇನಾಪತಿ ಯೋವಾಬನಿಗೆ ಒಂದು ಓಲೆ ಬರೆದು ಊರೀಯನ ಕೈಯಲ್ಲೇ ಕಳಿಸಿದ. ಇವನನ್ನು ಮುಂದೆ ನಿಲ್ಲಿಸಿ ಮಿಕ್ಕವರು ಹಿಂದೆ ಸರಿಯಿರಿ ಎಂದು ಅದರಲ್ಲಿತ್ತು. ತನ್ನ ಸಾವಿನ ಆದೇಶವನ್ನು ತಾನೇ ಹೊತ್ತೊಯ್ದ ಯೋಧ ಅವನು.

ನೀರು ಚೆಲ್ಲಿದ ರಾಜನೂ ಈ ಓಲೆ ಬರೆದ ರಾಜನೂ ಒಬ್ಬನೇ. ಶೂರರ ಪಟ್ಟಿ ಬರೆದವನು ಆ ಹೆಸರನ್ನು ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ, ಕೊನೆಗೇ ಇಟ್ಟ. ಅಲ್ಲಿವರೆಗೆ ಹೆಮ್ಮೆಯಿಂದ ಓದಿಕೊಂಡು ಬಂದವನು ಆ ಹೆಸರಿಗೆ ಬಂದಾಗ ತಲೆ ತಗ್ಗಿಸಲೇಬೇಕು.

ನಮ್ಮ ನೆನಪಿಗೂ ಈ ಎರಡು ಬೇಕು ಎನ್ನುವುದಷ್ಟೇ ನನ್ನ ಮಾತು. ಹೆಮ್ಮೆ ಪಡೋಣ, ಜೊತೆಗೆ ತಲೆಯನ್ನೂ ತಗ್ಗಿಸೋಣ. ಏಕೆಂದರೆ ಆ ಕಾಡಿನ ಪಟ್ಟಿಯಲ್ಲಿ ಪೊಲೀಸರ ಹೆಸರು ಮಾತ್ರ ಇಲ್ಲ. ವೀರಪ್ಪನ್ ಬೇಟೆಯ ಹೆಸರಿನಲ್ಲಿ ಹಳ್ಳಿಯ ಬಡವರನ್ನು, ಹೆಂಗಸರನ್ನು ಹಿಡಿದೊಯ್ದು ಹಿಂಸಿಸಿದ ದೂರುಗಳನ್ನು ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದ ತಂಡ ವಿಚಾರಿಸಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಮಂದಿಗೆ ಪರಿಹಾರ ಕೊಡಲು ಹೇಳಿತು. ಅದನ್ನು ಹೇಳಿದರೆ ಸತ್ತ ಪೊಲೀಸರಿಗೆ ಅವಮಾನ ಎಂದು ಕೆಲವರು ಮುಖ ಸಿಂಡರಿಸುತ್ತಾರೆ. ಆ ಕೃತ್ಯಗಳಿಗೆ ಶಕೀಲ್ ಅಹ್ಮದರ ಹೆಸರನ್ನು ಹೊದಿಕೆ ಮಾಡುವುದೇ ಅವರಿಗೆ ಮಾಡುವ ಅವಮಾನ ಎಂದು ನನಗೆ ಅನ್ನಿಸುತ್ತದೆ.

ಇನ್ನು ನಮ್ಮ ವಿಷಯ. ಊರೀಯನಂತೆ ಬಾಗಿಲಲ್ಲಿ ರಾತ್ರಿ ಕಳೆಯುವವರನ್ನು ನಾವು ನೋಡಿಲ್ಲವೇ? ಕ್ರಿಸ್ಮಸ್ ರಾತ್ರಿ ಪೂಜೆಗೆ ಬಂದೋಬಸ್ತಿಗೆಂದು ನಮ್ಮ ಗೇಟಿನ ಬಳಿ ನಿಲ್ಲುವ ಪೊಲೀಸ್ ಪೇದೆಗೂ ಮನೆಯಲ್ಲಿ ಮಕ್ಕಳಿರುತ್ತಾರೆ. ವಾರದ ರಜೆ, ಸರಿಯಾದ ಸಂಬಳ ಕೊಡಿ ಎಂದು 2016ರ ಜೂನ್‌ನಲ್ಲಿ ನಮ್ಮ ರಾಜ್ಯದ ಪೊಲೀಸರು ಸಾಮೂಹಿಕ ರಜೆಗೆ ಹೊರಟಾಗ ನಮ್ಮಲ್ಲಿ ಎಷ್ಟು ಜನ ಅವರ ಪರ ಒಂದು ಮಾತಾಡಿದೆವು? ಲಂಚದ ಮಾತು ಬಂದರೆ ಮಾತ್ರ ಎಲ್ಲರಿಗೂ ನಾಲಿಗೆ ಉದ್ದವಾಗುತ್ತದೆ. ಲೂಕನ ಶುಭಸಂದೇಶದಲ್ಲಿ ಸಿಪಾಯಿಗಳು ಸ್ನಾನಿಕ ಯೊವಾನ್ನನ ಬಳಿ ಬಂದು ನಾವೇನು ಮಾಡಬೇಕು ಎಂದು ಕೇಳಿದಾಗ, ಅವನು ಕೆಲಸ ಬಿಡಿ ಎನ್ನಲಿಲ್ಲ. ಯಾರನ್ನೂ ಸುಲಿಯಬೇಡಿ, ಸಂಬಳದಲ್ಲಿ ತೃಪ್ತರಾಗಿರಿ ಎಂದ. ಪಾಸ್‌ಪೋರ್ಟ್ ವೆರಿಫಿಕೇಷನ್ನಿಗೆ ಬಂದವರ ಕೈಗೆ ಕೇಳುವ ಮೊದಲೇ ನೋಟು ತುರುಕುವವರು ಆ ಅಧ್ಯಾಯವನ್ನು ಇನ್ನೊಮ್ಮೆ ಓದಬೇಕು.

ಮುಸ್ಲಿಮನೊಬ್ಬನಿಗೆ ಚರ್ಚಿನಲ್ಲಿ ಪ್ರಾರ್ಥನೆಯೇ ಎಂದು ಯಾರಿಗಾದರೂ ಅನ್ನಿಸಿದರೆ, ಹಿತ್ತಿಯನನ್ನು ಪಟ್ಟಿಯಲ್ಲಿ ಉಳಿಸಿಕೊಂಡ ಗ್ರಂಥವೇ ನಮ್ಮ ಕೈಯಲ್ಲಿದೆ. ನಮ್ಮ ಬಲಿಪೂಜೆಯಲ್ಲೂ ನಾವು ದೇವರೊಬ್ಬರೇ ಬಲ್ಲ ವಿಶ್ವಾಸದಲ್ಲಿ ಸತ್ತವರನ್ನು ನೆನೆಯುತ್ತೇವೆ.

ಈಗ ವಿಶ್ವಾಸಿಗಳ ಬಿನ್ನಹದಲ್ಲಿ ಶಕೀಲ್ ಅಹ್ಮದ್, ಹರಿಕೃಷ್ಣ ಮತ್ತು ಅವರೊಡನೆ ಸತ್ತ ನಾಲ್ವರಿಗಾಗಿ ಬೇಡುತ್ತೇವೆ. ಆ ಕಾಡಂಚಿನ ಹಳ್ಳಿಗಳಲ್ಲಿ ಎರಡೂ ಕಡೆಯಿಂದ ಏಟು ತಿಂದವರಿಗಾಗಿ ಬೇಡುತ್ತೇವೆ. 2004ರ ಅಕ್ಟೋಬರ್ 18ರಂದು ಧರ್ಮಪುರಿ ಬಳಿ ಗುಂಡಿಗೆ ಬಿದ್ದ ವೀರಪ್ಪನ್‌ನನ್ನೂ ಸೇರಿಸಿದ್ದೇನೆ, ಶತ್ರುಗಳಿಗಾಗಿ ಪ್ರಾರ್ಥಿಸಿ ಎಂದು ಯೇಸುಸ್ವಾಮಿ ಹೇಳಿದ್ದರಿಂದ. ಆ ಹೆಸರು ಬಂದಾಗ ಮನಸ್ಸು ಒಪ್ಪದವರು ಸುಮ್ಮನಿರಿ, ಒತ್ತಾಯವಿಲ್ಲ. ಮೊದಲಿನ ಆರು ಮಂದಿಗೆ ಮಾತ್ರ ಎಲ್ಲರೂ ಗಟ್ಟಿಯಾಗಿ ದನಿಗೂಡಿಸಿ. ಎದ್ದು ನಿಲ್ಲೋಣ.