ಉಳಿದವನ ಋಣ

ಕಡೂರಿನಿಂದ ಬೀರೂರು ಮಾರ್ಗವಾಗಿ ತರೀಕೆರೆಗೆ ಸಾಗುವ ಹೆದ್ದಾರಿಯಲ್ಲಿಯೂ ಅಜ್ಜಂಪುರದ ದಾರಿಯಲ್ಲಿಯೂ ನಿತ್ಯ ಸಂಚರಿಸುವವನು, ಸಂಜೆ ಕ್ಷೇಮವಾಗಿ ಮನೆ ಸೇರಿ ಲಿಂಗಕ್ಕೆ ಕೈಮುಗಿಯುವುದುಂಟು. ‘ನಾನು ಉಳಿದೆ’ ಎಂಬ ಸಮಾಧಾನವೇ ಕೃತಜ್ಞತೆಯೆ? ಹಾಗಾದರೆ ಅದೇ ಹಾದಿಯಲ್ಲಿ ಮಡಿದವನನ್ನು ದೇವರು ಮರೆತನೆಂದಂತಾಗದೆ? ಉಳಿದುದು ಪುಣ್ಯದ ಲೆಕ್ಕವಲ್ಲ, ಋಣದ ಲೆಕ್ಕ.

ಕಡೂರಿನಿಂದ ಮೂಡಲಿಗೆ, ತುಮಕೂರಿನ ಹಾದಿಯಲ್ಲಿ ಗುಬ್ಬಿಯಿದೆ. 2016ರ ಫೆಬ್ರವರಿಯಲ್ಲಿ ಅಲ್ಲಿಂದ ಬೆಂಗಳೂರಿಗೆ ಹಿಂತಿರುಗುತ್ತಿದ್ದ ಹರೀಶ್ ನಂಜಪ್ಪನೆಂಬ ತರುಣನು ನೆಲಮಂಗಲದ ಬಳಿ ಲಾರಿಗೆ ಸಿಕ್ಕಿದನು. ದೇಹವೇ ತುಂಡಾಗಿದ್ದರೂ, ತನ್ನ ಅಂಗಗಳನ್ನು ದಾನಮಾಡಿರೆಂದು ನೆರೆದವರನ್ನು ಬೇಡಿಕೊಂಡನು. ಅವನ ಕಣ್ಣುಗಳು ದಾನವಾದವು. ಗಾಯಾಳುಗಳಿಗೆ ಮೊದಲ 48 ಗಂಟೆಗಳ ಚಿಕಿತ್ಸೆಗೆ ನೆರವಾಗುವ ಯೋಜನೆಯೊಂದನ್ನು ರಾಜ್ಯ ಸರ್ಕಾರವು ಅದೇ ವರ್ಷ ಅವನ ಹೆಸರಿನಲ್ಲಿ ಆರಂಭಿಸಿತು. ದಾಸೋಹವೆಂಬ ಮಾತಿಗೆ ಬೇರೆ ಭಾಷ್ಯ ಬೇಕೆ?

ರಸ್ತೆ ಅಪಘಾತಗಳಲ್ಲಿ ಮಡಿದವರ ಸ್ಮರಣೆಗೆಂದು ವಿಶ್ವಸಂಸ್ಥೆಯು 2005ರಲ್ಲಿ ನವೆಂಬರಿನ ಮೂರನೆಯ ಭಾನುವಾರವನ್ನು ಮೀಸಲಿರಿಸಿತು. ಅಂದು ದೀಪ ಹಚ್ಚುವುದು ಒಳ್ಳೆಯದೇ. ಆದರೆ ಬಿದ್ದವನನ್ನು ಕಂಡೂ ಪೊಲೀಸು, ಕೋರ್ಟುಗಳಿಗೆ ಅಂಜಿ ಮುಂದೆ ಸಾಗುವವನ ದೀಪಕ್ಕೆ ಬೆಳಕೆಲ್ಲಿಯದು? ಸದ್ಭಾವದಿಂದ ನೆರವಾದವನಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯು ರಕ್ಷಣೆಯಿತ್ತಿದೆ. ಆ ನೆಪವೂ ಈಗ ಇಲ್ಲ. ಕತ್ತಲಾದ ಮೇಲೆ ತರೀಕೆರೆಯ ದಾರಿಯಲ್ಲಿ, ಬಿದ್ದವನ ಪಕ್ಕದಲ್ಲಿ ಗಾಡಿ ನಿಲ್ಲಿಸುವುದಷ್ಟೇ ಉಳಿದಿರುವುದು.