ಕಲಿಕೆಯನ್ನು ಅಳೆಯುವ ಕೊಳಗ

ಊಟವಿಕ್ಕಿದವರು ಉಂಡವನನ್ನು ಹೊಟ್ಟೆ ತುಂಬಿತೇ ಎಂದು ಕೇಳುವುದು ನಮ್ಮಲ್ಲಿ ವಾಡಿಕೆ. ಪಾಠ ಹೇಳಿದವನಿಗೂ ಅಂತಹ ಹೊಣೆಯುಂಟೇ ಎಂಬುದು ವಿಚಾರಾರ್ಹವಾಗಿದೆ. ಪಾಠಶಾಲೆಗಳಿಗೆ ಪರೀಕ್ಷೆಯಿದೆ, ಆದರೆ ಹಗಲೆಲ್ಲ ದುಡಿದು, ಸಂಜೆ ತಾನಾಗಿ ಬಂದು ಕುಳಿತುಕೊಳ್ಳುವ ತರುಣನ ಕಲಿಕೆಯನ್ನು ಯಾವ ಕೊಳಗದಿಂದ ಅಳೆಯಬೇಕು?

ಅಳೆಯಲೇ ಬೇಡವೆಂದವರೂ ಉಂಟು. ಡೆನ್ಮಾರ್ಕಿನಲ್ಲಿ ಗ್ರುಂಟ್‌ವಿಗ್ ಎಂಬ ಪಾದ್ರಿಯ ವಿಚಾರಗಳಿಂದ ಹುಟ್ಟಿ, 1844ರಲ್ಲಿ ರೋಡಿಂಗ್ ಎಂಬ ಊರಿನಲ್ಲಿ ಮೊದಲಾದ ಜನತಾ ಶಾಲೆಗಳಲ್ಲಿ ಪರೀಕ್ಷೆಯೇ ಇಲ್ಲ. ನಮ್ಮ ನಂಜನಗೂಡಿನ ವಿದ್ಯಾಪೀಠವು 1947ರಲ್ಲಿ ಹುಟ್ಟಿದುದೂ ಆ ಮಾದರಿಯನ್ನು ಕಂಡೇ. ಅಂತಹ ಶಾಲೆಯೊಂದನ್ನು 1851ರಲ್ಲಿ ತೆರೆದ ಕ್ರಿಸ್ಟೆನ್ ಕೋಲ್ಡನ ವಿಷಯವಾಗಿ ಒಂದು ಕಥೆಯಿದೆ. ತಮ್ಮ ಮಾತು ಕೇಳುವಾಗ ಹಿತವಾಗಿದೆ, ಆಮೇಲೆ ನೆನಪಿನಲ್ಲಿ ನಿಲ್ಲದು ಎಂದು ರೈತಯುವಕನೊಬ್ಬನು ಹೇಳಿಕೊಂಡನಂತೆ. ನೆಲದಲ್ಲಿ ಹೂಳಿದ ಕೊಳವೆಯನ್ನು ಮರಳಿ ಕಾಣಬೇಕಾದರೆ ಗುರುತಿನ ಗೂಟ ಬೇಕು. ಬಿತ್ತಿದ ಕಾಳಿಗೆ ಗೂಟವೇಕೆ, ಅದು ತಾನೇ ಮೇಲೆ ಬರುವುದು ಎಂಬರ್ಥದ ಉತ್ತರವನ್ನು ಕೋಲ್ಡನು ಕೊಟ್ಟನೆಂದು ಪ್ರತೀತಿ.

ಈ ಮಾತು ಶಿಷ್ಯನಿಗೆ ಅಭಯವನ್ನೀಯುವುದು ನಿಜ. ಗುರುವಿಗೆ ಮಾತ್ರ ಅದು ಸೋಮಾರಿತನದ ದಿಂಬಾಗಬಹುದು. ರೈತನು ಬಿತ್ತಿದ ಕಾಳನ್ನು ದಿನವೂ ಕೆದಕಿ ನೋಡುವುದಿಲ್ಲ; ಆದರೂ ಮೊಳಕೆಯ ಹೊತ್ತಿಗೆ ಹೊಲಕ್ಕೆ ಹೋಗದೆ ಇರುವನೇ?

ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮವು 15ರಿಂದ 35 ವರ್ಷದವರಿಗೆಂದು 1978ರ ಅಕ್ಟೋಬರ್ 2ರಂದು ತೊಡಗಿತಷ್ಟೆ. ಅದರ ಮರುವರ್ಷ ನಾನು ಹಳ್ಳಿಯೊಂದರಲ್ಲಿ ರಾತ್ರಿಶಾಲೆಯನ್ನು ನಡೆಸುತ್ತಿದ್ದೆನು. ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟಿನ ಗುರುತುಗಳು ಕಡಮೆಯಾಗಿ ರುಜುಗಳು ಹೆಚ್ಚಿದುದೇ ನನಗೆ ಅಳತೆ; ಮೇಲಿನವರಿಗೂ ಅಷ್ಟೇ ಸಾಕಾಗಿದ್ದಿತು. ಎರಡು ವರ್ಷಗಳ ತರುವಾಯ ಅಲ್ಲಿ ಕಲಿತ ತರುಣನೊಬ್ಬನು ಸಾಲದ ಪತ್ರವನ್ನು ಹಿಡಿದು ನನ್ನ ಮನೆಗೆ ಬಂದನು. 200 ರೂಪಾಯಿ ಪಡೆದು 500 ರೂಪಾಯಿಗೆ ರುಜು ಹಾಕಿದ್ದನು.

“ಯಾರಿಂದಲಾದರೂ ಓದಿಸಬಾರದಿತ್ತೇನಪ್ಪಾ?” ಎಂದೆನು.

“ಹೆಬ್ಬೆಟ್ಟು ಒತ್ತುತ್ತಿದ್ದಾಗ ಓದಿಸ್ತಿದ್ದೆ ಮೇಷ್ಟ್ರೇ. ರುಜು ಬಂದ ಮೇಲೆ ಕೇಳೋಕೆ ನಾಚಿಕೆಯಾಯ್ತು” ಎಂದನು.

ನಾನು ಎಣಿಸಿದ ಅಂಕಿಯು ಸುಳ್ಳಾಗಿರಲಿಲ್ಲ. ರುಜು ಅವನಿಗೆ ಬರುತ್ತಿದ್ದಿತು. ಎಣಿಕೆಯು ಯಾರಿಗಾಗಿ ಎಂಬಲ್ಲಿಯೇ ನಾನು ತಪ್ಪಿದ್ದೆನು. ಲೆಕ್ಕವು ಮೇಲಕ್ಕೆ ಹೋಯಿತೇ ಹೊರತು ಅವನಿಗೆ ಮರಳಿ ಬರಲಿಲ್ಲ. ನಿನಗೆ ಇಷ್ಟು ಬಂದಿದೆ, ಇಷ್ಟು ಬಂದಿಲ್ಲ, ಪತ್ರವೆಂದರೆ ಎಚ್ಚರವೆಂದು ನಾನು ಒಮ್ಮೆಯೂ ಹೇಳಿರಲಿಲ್ಲ. ಆ 300 ರೂಪಾಯಿಯ ಸಾಲದಲ್ಲಿ ನನ್ನ ಪಾಲೂ ಇದ್ದಿತೆಂದೇ ನಾನು ಇಂದಿಗೂ ಎಣಿಸುತ್ತೇನೆ. ಹಾಗೆಂದು, ಪರೀಕ್ಷೆಗೆ ಹೆದರಿ ಶಾಲೆ ಬಿಟ್ಟವರನ್ನು ಮತ್ತೆ ಪರೀಕ್ಷೆಯಿಂದ ಹೆದರಿಸಬೇಕೆಂಬುದು ನನ್ನ ಅಭಿಪ್ರಾಯವಲ್ಲ.

ಆ ಬಳಿಕ ಅಂಗಡಿಯ ಚೀಟಿ, ಬಸ್ಸಿನ ಟಿಕೇಟು, ಪಹಣಿ, ಸಾಲದ ಪತ್ರ ಮೊದಲಾದುವನ್ನು ಚಾಪೆಯ ಮೇಲೆ ಹರಡಿ, ಓದಬಲ್ಲುದನ್ನು ಒಂದು ಕಡೆಗೂ ಬಾರದುದನ್ನು ಇನ್ನೊಂದು ಕಡೆಗೂ ಅವರವರೇ ತೆಗೆದಿಡಲೆಂದೆನು. ಬಾರದುದರ ರಾಶಿಯೇ ದೊಡ್ಡದಾಯಿತು. ಮರುದಿನದ ಪಾಠವನ್ನು ಆ ರಾಶಿಯ ಮೇಲಿದ್ದ ಕಾಗದದಿಂದಲೇ ತೊಡಗಿದೆವು.