ಹಾರ್ನ್ ಯಾವ ಕಡೆ ತಿರುಗಿರಬೇಕು?

ನನ್ನ ಸೋದರಮಾವ ಹೊಸದುರ್ಗದಲ್ಲಿ ಸುಮಾರು ನಲವತ್ತು ವರ್ಷ ಮೈಕ್‌ಸೆಟ್ ಅಂಗಡಿ ನಡೆಸಿದವರು. ಮದುವೆ, ಜಾತ್ರೆ, ಗಣಪತಿ, ನಾಟಕ, ಎಲೆಕ್ಷನ್, ಸುತ್ತಮುತ್ತಲ ಹಳ್ಳಿಗಳಲ್ಲಿ ಏನೇ ನಡೆದರೂ ಅದು ಊರಿಗೆಲ್ಲ ಕೇಳಬೇಕು ಅಂದ್ರೆ ಮಾವನ ಅಂಗಡಿಗೆ ಬರಬೇಕಿತ್ತು. ಎರಡು ವರ್ಷದ ಹಿಂದೆ ಅಮ್ಮ ಫೋನ್ ಮಾಡಿ, "ನಿಮ್ಮ ಮಾವ ಅಂಗಡಿ ಖಾಲಿ ಮಾಡ್ತಿದಾನೆ ಕಣೋ, ಹಳೇ ಪೇಪರ್ ಎಲ್ಲ ಗುಜರಿಗೆ ಹಾಕ್ತಾನಂತೆ" ಅಂದಳು. ಶುಕ್ರವಾರ ರಾತ್ರಿ ಆಫೀಸ್ ಮುಗಿಸಿ ಸೀದಾ ಬಸ್ ಹತ್ತಿದೆ.

ಅಂಗಡಿಯ ಅಟ್ಟದ ಮೇಲೆ ಒಂದು ಕಬ್ಬಿಣದ ಟ್ರಂಕು ಇತ್ತು. ಒಳಗೆ ಆಂಪ್ಲಿಫೈಯರ್ ಜೊತೆ ಬರುತ್ತಿದ್ದ ಪುಸ್ತಿಕೆಗಳು, ಸರ್ಕ್ಯೂಟ್ ಡಯಾಗ್ರಾಮ್‌ಗಳು, ಹಾರ್ನ್ ಮತ್ತು ಯೂನಿಟ್‌ಗಳ ದರಪಟ್ಟಿ, ಪೊಲೀಸ್ ಸ್ಟೇಷನ್ನಿನ ಪರವಾನಗಿ ಚೀಟಿಗಳು, ಯಾವ ಯಾವ ಗ್ರಾಮಫೋನ್ ರೆಕಾರ್ಡ್ ಇದೆ ಅನ್ನೋ ಪಟ್ಟಿ. 1972ರಲ್ಲಿ ಬಂದ 'ನಾಗರಹಾವು' ಸಿನಿಮಾದ ರೆಕಾರ್ಡಿನ ಮುಂದೆ ಮಾವ ಮೂರು ಸಲ ಗೀಟು ಎಳೆದಿದ್ದರು. ಸವೆದು ಹೋಗಿ ಮೂರು ಸಲ ಹೊಸದು ತರಿಸಿದ್ದರಂತೆ. ನಮ್ಮ ಚಿತ್ರದುರ್ಗದ ಕೋಟೆಯಲ್ಲೇ ತೆಗೆದ ಸಿನಿಮಾ, ಕೇಳಬೇಕೆ! ಇವೆಲ್ಲದರ ಕೆಳಗೆ, ಹಗ್ಗ ಕಟ್ಟಿಟ್ಟ ಬುಕಿಂಗ್ ಡೈರಿಗಳು.

ಇದನ್ನೆಲ್ಲ ಸ್ಕ್ಯಾನ್ ಮಾಡಿ ಆನ್‌ಲೈನ್ ಸಂಗ್ರಹ ಮಾಡೋಣ ಅನ್ನಿಸಿದ್ದು ಅಲ್ಲೇ. ಬೆಂಗಳೂರಿಗೆ ಬಂದು ಡೊಮೇನ್ ತಗೊಂಡೆ, ಸೆಕೆಂಡ್ ಹ್ಯಾಂಡ್ ಸ್ಕ್ಯಾನರ್ ತಗೊಂಡೆ. ಆಮೇಲೆ ಹುಚ್ಚು ಬೆಳೀತು. ಹೊಳಲ್ಕೆರೆಯ ಒಬ್ಬ ಹಳೇ ಮೈಕ್‌ಸೆಟ್‌ನವರ ಮನೆಯಲ್ಲಿ ಬಿಲ್ ಬುಕ್ಕುಗಳು ಸಿಕ್ಕವು. ಹಿರಿಯೂರಿನಲ್ಲಿ ಕರೆಂಟಿಲ್ಲದ ಹಳ್ಳಿಗಳಿಗೆ ಕಾರ್ ಬ್ಯಾಟರಿ ಹೊತ್ತುಕೊಂಡು ಹೋಗಿ ಸೆಟ್ ಹಾಕುತ್ತಿದ್ದವರೊಬ್ಬರು ಸಿಕ್ಕರು. ಚಿತ್ರದುರ್ಗದ ಒಬ್ಬ ರಿಪೇರಿಯವರು ವಾಲ್ವ್ ಆಂಪ್ಲಿಫೈಯರಿನ ಒಂದು ಸರ್ಕ್ಯೂಟ್ ಹಾಳೆ ಕೊಟ್ಟರು. ಅದರ ಅಂಚಿನಲ್ಲಿ ಪೆನ್ಸಿಲ್‌ನಿಂದ ಬೇರೆ ಅಂಕಿಗಳಿದ್ದವು. "ಕಂಪನಿಯೋರು ಬರ್ದಿರೋದು 230 ವೋಲ್ಟಿಗೆ. ನಮ್ಮಲ್ಲಿ ಸಂಜೆಯಾದ್ರೆ 230 ಎಲ್ಲಿ ಬರ್ತಿತ್ತು? ಅದಕ್ಕೆ ನಾವೇ ಬದಲಾಯಿಸ್ಕಂತಿದ್ವಿ" ಅಂದರು.

ನನಗೆ ಆ ಪೆನ್ಸಿಲ್ ಗುರುತೇ ನಿಜವಾದ ಇತಿಹಾಸ ಅನ್ನಿಸ್ತು. ಧ್ವನಿವರ್ಧಕದ ಕತೆಯ ಪುಸ್ತಕದ ಭಾಗ ಎಲ್ಲರಿಗೂ ಸಿಗುತ್ತೆ. 1915ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪೀಟರ್ ಜೆನ್ಸನ್ ಮತ್ತು ಎಡ್ವಿನ್ ಪ್ರಿಡಮ್ ಅನ್ನೋರು ದೊಡ್ಡ ಗುಂಪಿಗೆ ಕೇಳುವಂಥ ಧ್ವನಿವರ್ಧಕ ಮಾಡಿ ತೋರಿಸಿದರು. ತಮ್ಮ ಯಂತ್ರಕ್ಕೆ ಮ್ಯಾಗ್ನವಾಕ್ಸ್ ಅಂತ ಹೆಸರಿಟ್ಟರು. ಲ್ಯಾಟಿನ್‌ನಲ್ಲಿ ಅದರ ಅರ್ಥ 'ದೊಡ್ಡ ದನಿ'. 1925ರಲ್ಲಿ ರೈಸ್ ಮತ್ತು ಕೆಲಾಗ್ ಅನ್ನೋ ಇಬ್ಬರು ಎಂಜಿನಿಯರುಗಳು ಇವತ್ತು ನಮ್ಮ ಮನೆಗಳಲ್ಲಿರುವ ಸ್ಪೀಕರಿನ ಮಾದರಿಯನ್ನು ವಿವರಿಸಿದರು. ನಮ್ಮಲ್ಲಿ ಮೋಟ್ವಾನೆ ಕುಟುಂಬದ 'ಚಿಕಾಗೋ ರೇಡಿಯೊ' ಕಾಂಗ್ರೆಸ್ ಅಧಿವೇಶನಗಳಿಗೆ ಮೈಕು ಹಾಕಿತು, ಗಾಂಧೀಜಿಯ ಮೆಲುದನಿ ಸಾವಿರಾರು ಜನಕ್ಕೆ ಮುಟ್ಟಿತು. 1940ರಲ್ಲಿ ದೆಹಲಿಯಲ್ಲಿ ಅಹುಜಾ ಶುರುವಾಯಿತು. ನಮ್ಮೂರ ಎಷ್ಟೋ ಜನಕ್ಕೆ ಮೈಕ್‌ಸೆಟ್ ಅಂದ್ರೆ ಇವತ್ತಿಗೂ ಅಹುಜಾನೇ.

ಆದರೆ ಹೊಸದುರ್ಗದ ಹಳ್ಳಿಯೊಂದರ ಹುಣಸೆ ಮರಕ್ಕೆ ಹಾರ್ನ್ ಕಟ್ಟಿದವನು ಯಾರು, ಅವತ್ತಿನ ಬಾಡಿಗೆ ಎಷ್ಟು, ಯಾವ ಹಾಡು ಹಾಕಿಸಿದರು? ಇದು ಯಾವ ಪುಸ್ತಕದಲ್ಲೂ ಇಲ್ಲ, ಆ ಟ್ರಂಕಿನಲ್ಲಿತ್ತು.

ಅಪ್‌ಲೋಡ್ ಮಾಡೋ ಮೊದಲು ನಾನು ತಲೆಕೆಡಿಸಿಕೊಂಡಿದ್ದು ಒಂದೇ ವಿಷಯಕ್ಕೆ, ಕಾಪಿರೈಟ್. ಕಂಪನಿಯ ಪುಸ್ತಿಕೆ ಹಾಕಬಹುದಾ, ಸರ್ಕ್ಯೂಟ್ ಹಾಕಬಹುದಾ ಅಂತ ವಕೀಲ ಗೆಳೆಯನನ್ನು ಮೂರು ಸಲ ಕೇಳಿದೆ. ಡೈರಿಗಳ ಬಗ್ಗೆ ಒಂದು ಸಲವೂ ಕೇಳಲಿಲ್ಲ. ಅವು ನಮ್ಮ ಮಾವನವಲ್ವಾ! ಅಷ್ಟೇ ಅಲ್ಲ, ನಾಲ್ಕು ತಿಂಗಳು ರಾತ್ರಿ ಕೂತು ಡೈರಿಯ ಒಂದೊಂದು ಸಾಲನ್ನೂ ಟೈಪ್ ಮಾಡಿದೆ. ಊರಿನ ಹೆಸರು, ಮನೆಯವರ ಹೆಸರು ಹೊಡೆದರೆ ಸೀದಾ ಆ ಪುಟಕ್ಕೇ ಹೋಗಬೇಕು. ಅದು ನನ್ನ ಹೆಮ್ಮೆಯಾಗಿತ್ತು.

ಒಂದು ಭಾನುವಾರ ಫೋನ್ ಬಂತು. ನನ್ನ ಹಾಗೇ ಬೆಂಗಳೂರಿನಲ್ಲಿ ಐಟಿ ಕೆಲಸದಲ್ಲಿರೋ ಹುಡುಗ, ಹೊಳಲ್ಕೆರೆ ಕಡೆಯವನು. ತನ್ನ ಅಜ್ಜನ ಹೆಸರನ್ನ ಸುಮ್ಮನೆ ಗೂಗಲ್ ಮಾಡಿದ್ದಾನೆ, ನನ್ನ ಸೈಟು ಸಿಕ್ಕಿದೆ. 1980ರ ದಶಕದ ಒಂದು ಪುಟ. ಅಜ್ಜನ ಹೆಸರು, ಎರಡು ಹಾರ್ನ್, ಒಂದು ಸೀರಿಯಲ್ ಸೆಟ್, ಅಡ್ವಾನ್ಸ್ ಇಷ್ಟು, ಬಾಕಿ ಇಷ್ಟು. ಪಕ್ಕದಲ್ಲಿ ಮಾವನ ಅಕ್ಷರದಲ್ಲಿ: "ಮದುವೆ ನಿಂತಿದೆ. ಬಾಕಿ ಕೇಳಬಾರದು."

"ಅದು ನಮ್ಮ ದೊಡ್ಡಮ್ಮನ ಮದುವೆ ಸಾರ್. ಆಮೇಲೆ ಅವರಿಗೆ ಬೇರೆ ಕಡೆ ಮದುವೆಯಾಯ್ತು. ಮಕ್ಕಳಿದ್ದಾರೆ, ಅವರಿಗೆ ಇದು ಗೊತ್ತಿಲ್ಲ. ನನಗೂ ಇವತ್ತೇ ಗೊತ್ತಾಗಿದ್ದು" ಅಂದ. ಸಿಟ್ಟು ಮಾಡಿಕೊಳ್ಳಲಿಲ್ಲ. ಅದು ಇನ್ನೂ ಕಷ್ಟವಾಯ್ತು.

ನಾನು ವಾದ ಮಾಡಿದೆ, ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತೆ. ದಾಖಲೆ ಅಂದ್ರೆ ದಾಖಲೆ, ಇದ್ದದ್ದು ಇದ್ದ ಹಾಗೆ ಇರಬೇಕು, ಒಂದು ಸಾಲು ಅಳಿಸಿದರೆ ನಾಳೆ ಹತ್ತು ಸಾಲು ಅಳಿಸಬೇಕಾಗುತ್ತೆ ಅಂದೆ. ಕಾನೂನನ್ನೂ ಎಳೆದು ತಂದೆ. 2023ರ ವೈಯಕ್ತಿಕ ಡಿಜಿಟಲ್ ಡೇಟಾ ರಕ್ಷಣಾ ಕಾಯ್ದೆಯಲ್ಲಿ ಸಂಶೋಧನೆಗೆ, ದಾಖಲೆ ಸಂಗ್ರಹಕ್ಕೆ ಷರತ್ತಿನ ಮೇಲೆ ವಿನಾಯಿತಿ ಇದೆ ಅಂದೆ. ಅವನು ಕೇಳಿಸಿಕೊಂಡ. ಕೊನೆಗೆ, "ನಿಮ್ಮ ಮಾವನನ್ನ ಒಂದು ಮಾತು ಕೇಳಿ ಸಾರ್" ಅಂತ ಇಟ್ಟ.

ಕೇಳಿದೆ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾರ್ನ್ ಕಟ್ಟೋಕೆ ಮುಂಚೆ ಏನು ಮಾಡ್ತಿದ್ವಿ ಗೊತ್ತೇನೋ ಅಳಿಯಾ?" ಅಂದರು.

ಹಾರ್ನಿನ ಸ್ವಭಾವ ಗೊತ್ತಿರಬೇಕು ಇದಕ್ಕೆ. ಮನೆಯ ಸ್ಪೀಕರು ಒಳಗೆ ಹೋದ ಕರೆಂಟಿನಲ್ಲಿ ನೂರಕ್ಕೆ ಒಂದೆರಡು ಪಾಲನ್ನಷ್ಟೇ ಸದ್ದಾಗಿ ಹೊರಗೆ ಹಾಕುತ್ತೆ. ಹಾರ್ನ್ ಅದರ ಎಷ್ಟೋ ಪಟ್ಟು ಹಾಕುತ್ತೆ, ಅದೂ ತಾನು ಮುಖ ಮಾಡಿದ ದಿಕ್ಕಿಗೆ. ಅದಕ್ಕೇ ಮೂವತ್ತು ವ್ಯಾಟಿನ ಆಂಪ್ಲಿಫೈಯರಿನಲ್ಲಿ ಇಡೀ ಊರಿಗೆ ಕೇಳಿಸೋಕೆ ಆಗುತ್ತಿತ್ತು. ಅಂದ್ರೆ, ಹಾರ್ನ್ ಎದುರಿಗಿರುವ ಮನೆಯವರಿಗೆ ಅವತ್ತು ನಿದ್ದೆಯಿಲ್ಲ.

"ಊರೊಳಗೆ ಒಂದು ಸುತ್ತು ಹಾಕ್ತಿದ್ವಿ. ಎಲ್ಲಿ ಬಾಣಂತಿ ಅದಾಳೆ, ಎಲ್ಲಿ ಕಾಯಿಲೆಯೋರು ಮಲಗ್ಯಾರೆ, ಯಾರ ಮನೇಲಿ ಸಾವಾಗೈತೆ, ಕೇಳ್ಕಂಡು ಹಾರ್ನ್ ಆ ಕಡೆಯಿಂದ ತಿರುಗಿಸಿ ಕಟ್ತಿದ್ವಿ. ಯಾರೂ ನಮಗೆ ಹೇಳಿಕೊಟ್ಟಿರಲಿಲ್ಲ."

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬೇಡ ಅನ್ನೋ ಶಬ್ದಮಾಲಿನ್ಯ ನಿಯಮ ಬಂದಿದ್ದು 2000ದಲ್ಲಿ. ಮಾವನ ನಿಯಮ ಅದಕ್ಕಿಂತ ಹಳೆಯದು, ಗಡಿಯಾರ ನೋಡಿ ಮಾಡಿದ್ದೂ ಅಲ್ಲ.

ಆಮೇಲೆ ಆ ಮದುವೆಯ ಮಾತು ಹೇಳಿದರು. ಚಪ್ಪರದಲ್ಲಿ ಜಗಳ ಶುರುವಾದಾಗ ಮೈಕು ಆನ್ ಇತ್ತಂತೆ. ಗಂಡಿನ ಕಡೆಯವರೊಬ್ಬರು ಅಲ್ಲೇ ನಿಂತು ಹುಡುಗಿಯ ಬಗ್ಗೆ ಕೂಗಾಡೋಕೆ ಶುರು ಮಾಡಿದರಂತೆ. ಮಾವ ಊಟದ ಎಲೆ ಬಿಟ್ಟು ಓಡಿ ಹೋಗಿ ಸ್ವಿಚ್ ಆಫ್ ಮಾಡಿದರಂತೆ. "ಎರಡು ಮಾತು ಹೊರಗೆ ಹೋಗ್ಬಿಟ್ಟಿದ್ವು ಅಷ್ಟೊತ್ತಿಗೆ. ಆ ಬಾಕಿ ಯಾಕೆ ಬರ್ಕೊಂಡಿದ್ದೆ ಅಂದ್ರೆ, ಅಂಗಡಿ ಹುಡುಗ ಗೊತ್ತಿಲ್ದೆ ವಸೂಲಿಗೆ ಹೋಗಬಾರದು ಅಂತ."

ನನಗೆ ಮಾತೇ ಹೊರಡಲಿಲ್ಲ. ಮಾವ ಸುಮ್ಮನಿರೋಕೆ ಅಂತ ಬರೆದ ಸಾಲನ್ನ ನಾನು ನಲವತ್ತು ವರ್ಷದ ಮೇಲೆ ಜಗತ್ತಿಗೆಲ್ಲ ಕೇಳೋ ಹಾಗೆ ಮರಕ್ಕೆ ಕಟ್ಟಿದ್ದೆ. ಸಾಲು ಟ್ರಂಕಿನಲ್ಲಿದ್ದಾಗಲೂ ನಿಜವೇ, ಸೈಟಿನಲ್ಲಿದ್ದಾಗಲೂ ನಿಜವೇ. ಬದಲಾಗಿದ್ದು ನಿಜ ಅಲ್ಲ, ಸದ್ದು. ನಾನು ಅದನ್ನ ಹುಡುಕಿದರೆ ಸಿಗೋ ಹಾಗೆ ಮಾಡಿದ್ದೆ. ಆಂಪ್ಲಿಫೈಯರ್ ಮಾಡೋದೂ ಅಷ್ಟೇ ತಾನೆ? ಮಾತನ್ನ ಅದು ಹುಟ್ಟಿಸೋದಿಲ್ಲ, ಎಷ್ಟು ದೂರ ಹೋಗಬೇಕು ಅಂತ ನಿರ್ಧರಿಸುತ್ತೆ.

ಅವತ್ತೇ ಆ ಪುಟ ತೆಗೆದೆ. ಮೂಲ ಡೈರಿ ಹಾಗೇ ಇದೆ, ಹರಿದಿಲ್ಲ, ಗೀಟು ಹಾಕಿಲ್ಲ. ಉಳಿಸೋದೇ ಬೇರೆ, ಸಾರೋದೇ ಬೇರೆ ಅಂತ ಅವತ್ತು ಗೊತ್ತಾಯ್ತು.

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. "ಯಾರಿಗೆ ನಾಚಿಕೆಯಾಗುತ್ತೋ ಅದನ್ನ ಮುಚ್ಚಿಡಿ" ಅಂತ ಒಂದು ನಿಯಮ ಮಾಡಿಕೊಂಡು ನೆಮ್ಮದಿಯಾಗಿ ಇರಬಹುದಿತ್ತು. ಆದರೆ ಫೋನ್ ಇಡೋ ಮೊದಲು ಮಾವ ಇನ್ನೊಂದು ಮಾತು ಹೇಳಿದರು. "ಹಂಗೇ ಆ ಏಪ್ರಿಲ್ ತಿಂಗಳದ್ದೂ ಒಂದು ಐತೆ. ಅದನ್ನೂ ತೆಗ್ದುಬಿಡಪ್ಪ."

ಯಾವುದು ಅಂತ ನನಗೆ ಗೊತ್ತಿತ್ತು. ಏಪ್ರಿಲ್ 14, ಅಂಬೇಡ್ಕರ್ ಜಯಂತಿ. ಒಂದು ಹಳ್ಳಿಯ ಕೇರಿಯವರು ಒಂದು ಹಾರ್ನ್, ಒಂದು ಮೈಕು ಬುಕ್ ಮಾಡಿದ್ದರು, ಪೂರ್ತಿ ದುಡ್ಡು ಮೊದಲೇ ಕೊಟ್ಟಿದ್ದರು. ಪಕ್ಕದಲ್ಲಿ ಬರೆದಿತ್ತು: "ಊರಿನವರು ಬೇಡ ಅಂದರು. ದುಡ್ಡು ವಾಪಸ್." ಟೈಪ್ ಮಾಡುವಾಗ ಆ ಸಾಲನ್ನೂ ಬಾಕಿಯ ಲೆಕ್ಕ ಟೈಪ್ ಮಾಡಿದ ಹಾಗೇ ಮಾಡಿ ಮುಂದೆ ಹೋಗಿದ್ದೆ.

"ಆ ಊರಿಂದ ವರ್ಷಕ್ಕೆ ಹದಿನೈದು ಇಪ್ಪತ್ತು ಬುಕಿಂಗ್ ಬರ್ತಿತ್ತು ಕಣೋ. ನಾನೇನು ಮಾಡ್ಬೇಕಿತ್ತು?" ಅಂದರು ಮಾವ. ಬಾಣಂತಿಯ ಮನೆಯಿಂದ ಹಾರ್ನ್ ತಿರುಗಿಸಿ ಕಟ್ಟುತ್ತಿದ್ದ ಅದೇ ಮಾವ. ನನಗೆ ಅವರ ಮೇಲೆ ಪ್ರೀತಿ ಕಮ್ಮಿಯಾಗಲಿಲ್ಲ, ಅದೇ ತೊಂದರೆ.

ಈ ಎರಡು ಸಾಲಿಗೂ ಏನು ವ್ಯತ್ಯಾಸ ಅಂತ ಎಷ್ಟೋ ದಿನ ಯೋಚನೆ ಮಾಡಿದೆ. ಎರಡರಲ್ಲೂ ಯಾರಿಗೋ ನಾಚಿಕೆಯಿದೆ, ಎರಡನ್ನೂ ತೆಗಿ ಅಂತ ಯಾರೋ ಕೇಳಿದ್ದಾರೆ. ಆದರೆ ಮೊದಲನೆಯದನ್ನ ತೆಗಿ ಅಂದವರು ಪೆಟ್ಟು ತಿಂದವರ ಕಡೆಯವರು. ಎರಡನೆಯದನ್ನ ತೆಗಿ ಅಂದವರು ನಾವು. ಹಾಗಾದರೆ ಕೇಳಬೇಕಾದ ಪ್ರಶ್ನೆ "ಯಾರಿಗೆ ನಾಚಿಕೆ" ಅನ್ನೋದಲ್ಲ, "ನೋವು ಯಾರದು" ಅನ್ನೋದು. ನೋವು ಯಾರದೋ ಅವರನ್ನ ಕೇಳಬೇಕು.

ಆ ಹಳ್ಳಿಗೆ ಹೋದೆ. ಬುಕ್ ಮಾಡಿದವರು ಈಗಿಲ್ಲ. ಅವರ ತಮ್ಮ ಇದ್ದಾರೆ, ಎಪ್ಪತ್ತು ದಾಟಿದವರು. ಪುಟದ ಪ್ರಿಂಟ್ ತೋರಿಸಿದೆ. ಕನ್ನಡಕ ಹಾಕಿಕೊಂಡು ನಿಧಾನ ಓದಿದರು. "ಅವತ್ತು ಮೈಕಿಲ್ಲದೇನೇ ಮಾಡಿದ್ವಿ. ನಮ್ಮಣ್ಣ ಗಂಟಲು ಕಿತ್ತೋಗೋವರೆಗೂ ಕೂಗಿ ಮಾತಾಡ್ದ" ಅಂದರು. ಇದನ್ನ ಎಲ್ಲರೂ ನೋಡೋ ಹಾಗೆ ಇಡಬಹುದಾ ಅಂತ ಕೇಳಿದೆ.

"ಇಡಪ್ಪ. ನಮ್ಮಣ್ಣನ ಹೆಸರು ಹಾಕು." ಸ್ವಲ್ಪ ತಡೆದು ಹೇಳಿದರು, "ನಿಮ್ಮ ಮಾವಂದೂ ಹಾಕು."

ಎರಡೂ ಹೆಸರು ಹಾಕಿದ್ದೇನೆ, ಸೈಟಿನಲ್ಲಿ. ಈ ಬರಹದಲ್ಲಿ ಎರಡೂ ಇಲ್ಲ. ಅವರು ಒಪ್ಪಿದ್ದು ಆ ಪುಟಕ್ಕೆ, ನನ್ನ ಲೇಖನಕ್ಕಲ್ಲ.

ಹೀಗೆ ಒಂದೊಂದು ಸಾಲಿಗೂ ಮನೆ ಹುಡುಕಿಕೊಂಡು ಹೋಗೋಕಾಗುತ್ತಾ ಅಂತ ನೀವು ಕೇಳಬಹುದು. ಆಗಲ್ಲ. ಡೈರಿಗಳ ಹುಡುಕಾಟವನ್ನು ಈಗ ನಿಲ್ಲಿಸಿದ್ದೇನೆ. ಸರ್ಕ್ಯೂಟ್, ದರಪಟ್ಟಿ, ರೆಕಾರ್ಡಿನ ಪಟ್ಟಿ ಎಲ್ಲರಿಗೂ ತೆರೆದಿವೆ. ಹೆಸರಿರುವ ಪುಟಗಳು ಒಂದೊಂದಾಗಿ, ಕೇಳಿಕೊಂಡು, ನಿಧಾನವಾಗಿ ಬರುತ್ತವೆ. ನನ್ನ ಜೀವಮಾನದಲ್ಲಿ ಮುಗಿಯಲಿಕ್ಕಿಲ್ಲ. ಟ್ರಂಕಿಗೇನೂ ಅವಸರವಿಲ್ಲ.

ಮಾವ ಎರಡು ತಿಂಗಳು ಫೋನ್ ಮಾಡಲಿಲ್ಲ. ಯುಗಾದಿ ದಿನ ಮಾಡಿದರು. ಹಬ್ಬದ ಮಾತೆಲ್ಲ ಆಯ್ತು, ಸೈಟಿನ ಸುದ್ದಿ ಎತ್ತಲಿಲ್ಲ. ಇಡುವ ಮುಂಚೆ ಮಾತ್ರ, "ಆ ಕೇರಿಯೋರ ತಮ್ಮ ಹುಷಾರಾಗಿದಾನಾ?" ಅಂತ ಕೇಳಿದರು. ಹುಷಾರಾಗಿದ್ದಾರೆ ಅಂದೆ. "ಹ್ಞೂಂ" ಅಂದರು.